ಎಣ್ಣೆಗಾಯಿ ಸೋರಿದ ಚೀಲ, ಸೋಪು ತಂದ ಕೆಂಪು

ಪ್ರಶ್ನೆ: ನಾನಿರುವುದು ಹುಬ್ಬಳ್ಳಿಯ ನವನಗರ, ಕೆಲಸ ಧಾರವಾಡದಲ್ಲಿ. ಗದಗ-ಬೆಟಗೇರಿಯಲ್ಲಿರುವ ನಮ್ಮ ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಮತ್ತು ಬಿಳಿ ಖಾದಿ ಕೂಡಿಸಿ ಕೈಯಾರೆ ಒಂದು ಚೀಲ ಹೊಲಿದು ಕೊಟ್ಟಿದ್ದಾರೆ. ಮುಚ್ಚಳ ಕೆಂಪು ಸೆರಗಿನದು. ಮೈ ಖಾದಿಯದು, ಅದರ ಮೇಲೆ ತುಳಸಿಕಟ್ಟೆಯ ಕಸೂತಿ ಇದೆ. ಹಿಡಿಕೆಗೆ ಹಸಿರು ಖಣದ ಪಟ್ಟಿ. ನಾಲ್ಕು ದಿನದ ಹಿಂದೆ ಚಿಗರಿ ಬಸ್ಸಿನಲ್ಲಿ ಟಿಫಿನ್ ಡಬ್ಬಿಯಿಂದ ಬದನೆಕಾಯಿ ಎಣ್ಣೆಗಾಯಿ ಸೋರಿ ಚೀಲದ ತಳ, ಒಂದು ಮೂಲೆ ಹಳದಿಯಾಯಿತು. ಮನೆಗೆ ಬಂದು ಬಟ್ಟೆ ಸೋಪು ತಿಕ್ಕಿದರೆ ಕಲೆ ಕೆಂಪಗಾಗಿಬಿಟ್ಟಿತು! ಹೆದರಿ ಅಲ್ಲಿಗೇ ಬಿಟ್ಟಿದ್ದೇನೆ. ಮಷೀನಿಗೆ ಹಾಕಲೇ? ಮಳೆಗಾಲದಲ್ಲಿ ಇದಕ್ಕೆ ಮುಗ್ಗಲು ವಾಸನೆಯೂ ಬರುತ್ತದೆ, ಏನು ಮಾಡಲಿ? ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ತಿಳಿಯದು.

ಉತ್ತರ: ಮೊದಲು ಕೆಂಪಿನ ಮಾತು. ನಿಮ್ಮ ಪತ್ರದ ತುಂಬ ಅದೇ ಹೆದರಿಕೆ. ಚೀಲ ಕೆಟ್ಟಿಲ್ಲ, ಸಮಾಧಾನ ಮಾಡಿಕೊಳ್ಳಿ. ಮನೆಯಲ್ಲಿ ಆರತಿ ಎತ್ತುವಾಗ ತಟ್ಟೆಯ ನೀರಿಗೆ ಅರಿಷಿಣ ಕದಡಿ, ಮೇಲೆ ಚಿಟಿಕೆ ಸುಣ್ಣ ಹಾಕುತ್ತೀರಲ್ಲ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೀರು ರಕ್ತಗೆಂಪು. ನಿಮ್ಮ ಖಾದಿಯ ಮೇಲೂ ಆಗಿದ್ದು ಅದೇ. ಅರಿಷಿಣದ ಬಣ್ಣಕ್ಕೆ ಕರ್ಕ್ಯುಮಿನ್ ಅನ್ನುತ್ತಾರೆ. ಕ್ಷಾರ ಸೋಕಿದರೆ ಕೆಂಪು, ಕ್ಷಾರ ಹೋದರೆ ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಕ್ಷಾರ ಸುಣ್ಣದ್ದು, ನಿಮ್ಮಲ್ಲಿ ಬಟ್ಟೆ ಸೋಪಿನದು. ಹಳೆಯ ಹಳದಿಯೇ ವೇಷ ಹಾಕಿ ಕುಣಿಯುತ್ತಿದೆ.

ಅರಿಷಿಣಕ್ಕಿಂತ ನನಗೆ ಚಿಂತೆ ಎಣ್ಣೆಯದು. ನಮ್ಮ ಕಡೆಯ ಎಣ್ಣೆಗಾಯಿ ಅಂದರೆ ಅರಿಷಿಣ, ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಪುಡಿ, ಎಲ್ಲಕ್ಕೂ ಮೇಲೆ ಧಾರಾಳ ಎಣ್ಣೆ. ಬ್ಯಾಡಗಿಯನ್ನು ಜನ ಕೊಳ್ಳುವುದೇ ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಆ ಬಣ್ಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಯಲ್ಲಿ ಮಾತ್ರ ಕರಗುತ್ತದೆ. ಹಾಗಾಗಿ ಎಣ್ಣೆ ತೆಗೆದರೆ ಅದೂ ಜೊತೆಗೆ ಎದ್ದು ಬರುತ್ತದೆ. ಅಡಿಗೆ ಯಾವ ಎಣ್ಣೆಯದು ಎಂದು ನೀವು ಬರೆದಿಲ್ಲ. ಶೇಂಗಾ ಎಣ್ಣೆಯಾದರೆ ಸ್ವಲ್ಪ ಪುರುಸೊತ್ತು ಉಂಟು. ಕುಸುಬಿ ಎಣ್ಣೆಯಾದರೆ ಇವತ್ತೇ ಕೈ ಹಚ್ಚಿ. ಕುಸುಬಿ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ. ಒಲೆಕಟ್ಟೆಯ ಹಿಂದಿನ ಗೋಡೆಗೆ, ಎಣ್ಣೆ ಡಬ್ಬಿಯ ಕಂಠಕ್ಕೆ ಹಳದಿ ಜಿಗಟು ಹತ್ತಿರುತ್ತದೆ ನೋಡಿ, ಎಷ್ಟು ತಿಕ್ಕಿದರೂ ಉಗುರಿಗೇ ಅಂಟುತ್ತದೆ ಹೊರತು ಹೋಗುವುದಿಲ್ಲ. ಬಟ್ಟೆಯ ಎಳೆಯೊಳಗೆ ಕುಸುಬಿ ಎಣ್ಣೆ ವಾರಗಟ್ಟಲೆ ಕೂತರೆ ಅದೇ ಗತಿ, ವಾರ್ನಿಷ್ ಬಳಿದ ಹಾಗೆ.

ಇನ್ನು ಮಷೀನು. ಬೇಡ. ಬಕೆಟ್ಟಿನಲ್ಲಿ ನೆನೆಹಾಕುವುದೂ ಬೇಡ. ಯಾಕೆ ಅಂತ ಹೇಳುತ್ತೇನೆ, ಇದೊಂದು ತಿಳಿದರೆ ಉಳಿದ ಎಷ್ಟೋ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳುತ್ತೀರಿ. ಸೀರೆಯನ್ನು ಒಗೆದ ಕೈ ಚೀಲವನ್ನೂ ಒಗೆಯಲು ಹೋಗುತ್ತದೆ. ಸೀರೆ ಒಂದು ಅರಿವೆ, ಚೀಲ ಒಂದು ಸಂಸಾರ. ನಿಮ್ಮ ಚೀಲದಲ್ಲಿ ಯಾರ್‍ಯಾರಿದ್ದಾರೆ ನೋಡಿ. ಖಾದಿ ಇದೆ, ಅದು ಹತ್ತಿ, ಮೊದಲ ನೀರಿಗೆ ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಕುಗ್ಗಬಲ್ಲದು. ಸೆರಗು ಇದೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ತೋಪ ತೆನಿ ಸೆರಗು, ಅಂದರೆ ಕೆಂಪಿನ ನಡುವೆ ಬಿಳಿ ತೆನೆ ನೇಯ್ದ ಸೆರಗು, ರೂಢಿಯಿಂದ ರೇಷ್ಮೆಯದು, ಈಗೀಗ ಆರ್ಟ್ ಸಿಲ್ಕಿನದು, ಅಂದರೆ ರೇಯಾನ್ ಎಂಬ ಕೃತಕ ರೇಷ್ಮೆಯದು. ಅದು ಖಾದಿಯ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಖಣದ ಪಟ್ಟಿಯದು ಇನ್ನೊಂದು ಲೆಕ್ಕ. ಒಳಗೆ ಅಸ್ತರ. ಅಸ್ತರಕ್ಕೂ ಖಾದಿಗೂ ನಡುವೆ, ಚೀಲ ನೆಟ್ಟಗೆ ನಿಲ್ಲಲೆಂದು, ಬಕ್ರಂ ಇದ್ದೇ ಇರುತ್ತದೆ. ಬಕ್ರಂ ಗಟ್ಟಿ ಇರುವುದು ಗಂಜಿಯಿಂದ. ನೀರಲ್ಲಿ ನೆನೆದರೆ ಆ ಗಂಜಿ ಬಿಟ್ಟು ಒಳಗೇ ಮುದ್ದೆಗಟ್ಟುತ್ತದೆ. ಮೇಲಿಂದ ಮ್ಯಾಗ್ನೆಟ್ ಬಟನ್, ಅದಕ್ಕೆ ತುಕ್ಕು. ಇವರೆಲ್ಲರನ್ನೂ ಒಂದೇ ದಾರದಲ್ಲಿ ಹೊಲಿದು ಕೂರಿಸಿದೆ. ನೀರಿಗಿಳಿದ ಮೇಲೆ ಒಬ್ಬ ಕುಗ್ಗುತ್ತಾನೆ, ಒಬ್ಬ ಕುಗ್ಗುವುದಿಲ್ಲ, ಒಬ್ಬ ಬಣ್ಣ ಬಿಡುತ್ತಾನೆ, ಪಕ್ಕದವನು ಕುಡಿಯುತ್ತಾನೆ. ಹೊಲಿಗೆಯುದ್ದಕ್ಕೂ ನಿರಿಗೆ ಬೀಳುವುದು ಹೀಗೆ.

ಧಾರವಾಡದಲ್ಲಿ ಚೀಲ ಹೊಲಿಯುವ, ಹಳೆಯ ಕಸೂತಿ ದುರಸ್ತಿ ಮಾಡುವ ಕೆಲಸ ನನ್ನದು. ಕಲಿಯುವ ಹೊಸದರಲ್ಲಿ ಒಬ್ಬ ಅಜ್ಜಿಯ ಚೀಲ ನನ್ನ ಕೈಗೆ ಬಂದಿತ್ತು. ಚಂದ್ರಕಾಳಿ ಸೀರೆಯ ಕಪ್ಪು ತುಂಡಿನ ಮೇಲೆ ಬಿಳಿ ದಾರದ ಗೋಪುರ, ಎಳೆ ಎಣಿಸಿ ಎಣಿಸಿ ಹಾಕಿದ ಗವಂತಿ ಹೊಲಿಗೆ. ಸ್ವಲ್ಪ ಧೂಳು ಹಿಡಿದಿತ್ತು ಅಷ್ಟೆ. ತಿಳಿದವರಂತೆ ಉಪ್ಪು ಹಾಕಿದ ನೀರಲ್ಲಿ ಅರ್ಧ ತಾಸು ನೆನೆಹಾಕಿದೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರಲ್ಲ. ತೆಗೆದಾಗ ಗೋಪುರ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಅಜ್ಜಿ ಏನೂ ಅನ್ನಲಿಲ್ಲ, ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಸಾಲಿನ ಮೇಲೆ ಬೆರಳು ಓಡಿಸಿದರು. ಬೈದಿದ್ದರೆ ಮರೆತಿರುತ್ತಿದ್ದೆ. ಬಣ್ಣ ನಿಲ್ಲುವುದು ಬಣ್ಣದ ಮನೆಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಹೊತ್ತಿನಲ್ಲಿ. ಅಲ್ಲಿ ನಿಲ್ಲದ್ದನ್ನು ನಮ್ಮ ಬಚ್ಚಲಿನ ಉಪ್ಪು ನಿಲ್ಲಿಸುವುದಿಲ್ಲ.

ಈಗ ನಿಮ್ಮ ಚೀಲಕ್ಕೆ ಬರೋಣ. ನಾನಾದರೆ ಹೀಗೆ ಮಾಡುತ್ತಿದ್ದೆ.

ಚೀಲ ಖಾಲಿ ಮಾಡಿ, ಅಸ್ತರವನ್ನು ಆಗುವಷ್ಟು ಹೊರಗೆಳೆಯಿರಿ. ಕೆಂಪು ಮುಚ್ಚಳವನ್ನು ಹಿಂದಕ್ಕೆ ಮಡಚಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಬಟ್ಟೆಯ ಕ್ಲಿಪ್ ಹಾಕಿ. ಇವತ್ತು ಅದಕ್ಕೆ ಹನಿ ನೀರೂ ತಾಗಬಾರದು. ಸೆರಗಿನ ಕೆಂಪು ನಿಲ್ಲುತ್ತದೋ ಬಿಡುತ್ತದೋ ನೋಡಬೇಕಾದರೆ ಬಿಳಿ ಅರಿವೆಯ ತುದಿ ಒದ್ದೆ ಮಾಡಿ ಹೊಲಿಗೆಯ ಒಳಮಡಿಕೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಅರಿವೆ ಗುಲಾಬಿಯಾಯಿತೋ, ಆ ಸೆರಗಿಗೆ ಜೀವಮಾನವಿಡೀ ಬ್ರಷ್ಷೇ ಗತಿ. ಇಳಕಲ್ ಸೆರಗಿನಲ್ಲಿ ಕೆಂಪಿನ ಮಗ್ಗುಲಲ್ಲೇ ಬಿಳಿ ತೆನೆ ಇರುತ್ತವೆ, ಬಣ್ಣ ಬಿಟ್ಟರೆ ಮೊದಲ ಪೆಟ್ಟು ಅವುಗಳಿಗೇ.

ಇನ್ನು ಕಲೆ. ಎಣ್ಣೆಗಾಯಿಯ ಶೇಂಗಾ ಪುಡಿ, ಮಸಾಲೆ ಎಳೆಗಳ ಸಂದಿಯಲ್ಲಿ ಒಣಗಿ ಕೂತಿರುತ್ತದೆ, ಅದನ್ನು ಚಮಚೆಯ ಬೆನ್ನಿಂದ ಮೆಲ್ಲಗೆ ಕೆರೆದು ಉದುರಿಸಿ. ಆಮೇಲೆ ನುಣ್ಣಗೆ ಜರಡಿ ಹಿಡಿದ ಜೋಳದ ಹಿಟ್ಟನ್ನು ಕಲೆಯ ಮೇಲೆ ಬೆರಳಗಾತ್ರ ದಪ್ಪ ಹರಡಿ, ಮೇಲೊಂದು ಪೇಪರ್ ಇಟ್ಟು, ಭಾರವಾದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಕಡ್ಲಿ ಹಿಟ್ಟು ಬೇಡ, ಅದಕ್ಕೆ ತನ್ನದೇ ಹಳದಿ, ತನ್ನದೇ ಎಣ್ಣೆ ಇದೆ. ಟಾಲ್ಕಂ ಪೌಡರ್ ಆದೀತು. ಬೆಳಗ್ಗೆ ಹಿಟ್ಟು ಜಾಡಿಸಿದಾಗ ಉಂಡೆಯುಂಡೆಯಾಗಿ ಜಿಡ್ಡು ಹಿಡಿದು ಬಂದರೆ ಇನ್ನೊಮ್ಮೆ ಹಾಕಿ. ಪುಡಿಪುಡಿಯಾಗಿ ಉದುರಿದರೆ ಅದರ ಕೆಲಸ ಮುಗಿಯಿತು.

ಒಳಗೆ, ಕಲೆಯ ಹಿಂಭಾಗಕ್ಕೆ, ಹಳೆಯ ಬಿಳಿ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಒತ್ತಿಡಿ. ಬಕ್ರಂ ಅಡ್ಡ ಬಂದರೆ ಅಸ್ತರದ ತಳದ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ. ಹೆದರಬೇಡಿ, ಬಿಚ್ಚಿದ ಹೊಲಿಗೆ ಹತ್ತು ನಿಮಿಷದಲ್ಲಿ ಹಾಕಬಹುದು, ನೆನೆದ ಬಕ್ರಂ ತಿರುಗಿ ಬರುವುದಿಲ್ಲ. ಈಗ ಒಂದು ಬಟ್ಟಲು ತಣ್ಣೀರಿಗೆ ಅರ್ಧ ಶಾಂಪೂ ಪ್ಯಾಕೆಟ್. ಶಾಂಪೂ ಯಾಕೆ? ಬಟ್ಟೆ ಸೋಪು, ಬಟ್ಟೆ ಪೌಡರಿನಲ್ಲಿ ಕ್ಷಾರ ಇರುತ್ತದೆ, ಶಾಂಪೂದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕ್ಷಾರವಿಲ್ಲದಿದ್ದರೆ ಅರಿಷಿಣ ಮತ್ತೆ ಕೆಂಪಾಗುವುದಿಲ್ಲ. ಕ್ಷಾರ ರೇಷ್ಮೆಗೂ ಆಗದು. ಮನೆಯಲ್ಲಿ ಅಂಟುವಾಳ ಕಾಯಿ ಇದ್ದರೆ ಇನ್ನೂ ಛಲೋ, ಅದರ ನೀರು ತುಸು ಹುಳಿ ಗುಣದ್ದು. ಎಂಟು-ಹತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಹತ್ತು ನಿಮಿಷ ಕುದಿಸಿ ಸೋಸಿದರೆ ಸಾಕು. ಆದರೆ ಆ ನೀರಿಗೆ ಕಂದು ಬಣ್ಣ ಇರುತ್ತದೆ, ನಿಮ್ಮದು ಬಿಳಿ ಖಾದಿ. ಹಾಗಾಗಿ ಈ ಸಲ ಶಾಂಪೂವೇ ಇರಲಿ.

ತಿಕ್ಕಬೇಡಿ. ಕೈ ತಡೆಯುವುದಿಲ್ಲ, ಗೊತ್ತು, ಆದರೂ ತಿಕ್ಕಬೇಡಿ. ಶಾಂಪೂ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಲೆಯ ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ಎತ್ತಿ. ಕೆಳಗಿನ ಧೋತರ ಹಳದಿಯಾದ ಹಾಗೆ ಮಡಿಕೆ ಬದಲಿಸಿ. ನಾಲ್ಕೈದು ಸಲಕ್ಕೆ ಕೆಂಪು ಇಳಿದು ಹಳದಿಗೆ ಬರುತ್ತದೆ, ಹಳದಿ ತಿಳಿಯಾಗುತ್ತದೆ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಅದೇ ಕೆಲಸ, ನೊರೆ ಕಾಣದಾಗುವ ತನಕ. ಕೊನೆಗೆ ಒಂದು ಸೂಕ್ಷ್ಮ: ಕಲೆಯಷ್ಟೇ ಒದ್ದೆ ಮಾಡಿ ಬಿಟ್ಟರೆ ಒಣಗಿದ ಮೇಲೆ ಅದರ ಸುತ್ತ ನೀರಿನ ಗೆರೆ ಮೂಡುತ್ತದೆ, ಊರ ಕೆರೆ ಬತ್ತಿದಾಗ ದಂಡೆಯಲ್ಲಿ ಉಳಿಯುವ ಗೆರೆಯಂತೆ. ಅದಕ್ಕೆ ಹಿಂಡಿದ ಬಟ್ಟೆಯಿಂದ ಆ ಇಡೀ ಭಾಗವನ್ನು ಈ ಹೊಲಿಗೆಯಿಂದ ಆ ಹೊಲಿಗೆಯವರೆಗೆ ತೆಳ್ಳಗೆ ಒರೆಸಿಬಿಡಿ. ಈ ಕೊನೆಯ ನೀರು ಬೋರಿನದಾಗಿರದಿರಲಿ. ಬೋರಿನ ಗಡಸು ನೀರು ಸೋಪಿನ ಜೊತೆ ಕೂಡಿ ಬೂದು ಗಸಿ ಮಾಡುತ್ತದೆ, ಬಿಳಿ ಖಾದಿ ಮಂಕಾಗುವುದು ಬಹಳ ಸಲ ಇದರಿಂದ. ನಲ್ಲಿಗೆ ಮಲಪ್ರಭೆ ನೀರು ಬಂದ ದಿನ ಒಂದು ಕೊಡ ಹಿಡಿದಿಟ್ಟುಕೊಳ್ಳಿ, ಇಲ್ಲವೇ ಮಳೆನೀರು.

ಕಸೂತಿಯ ಹತ್ತಿರ ಬಂದಾಗ ಕೈ ಇನ್ನೂ ಹಗುರ. ಗವಂತಿ, ಮುರಗಿ, ನೇಯ್ಗಿ, ಮೆಂತಿ, ಹೊಲಿಗೆ ಯಾವುದಾದರೂ ಹಳೆಯ ಕೈಯವರು ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಅದೇ ಹೊಲಿಗೆಗಳ ಕೆಳಗೆ ತೂರಿಸಿ ಅಡಗಿಸುತ್ತಾರೆ. ಅದೇ ಅದರ ಚೆಲುವು, ಗವಂತಿ, ಮುರಗಿಯಲ್ಲಂತೂ ಹಿಂದೆ ಮುಂದೆ ಒಂದೇ ಥರ. ಅದೇ ಅದರ ಬಲಹೀನತೆಯೂ ಹೌದು. ಜೋರಾಗಿ ತಿಕ್ಕಿದರೆ ಅಡಗಿದ ತುದಿ ಜಾರಿ ಹೊರಬರುತ್ತದೆ, ಒಂದು ತುದಿ ಬಿಟ್ಟರೆ ಸಾಲೇ ಸಡಿಲ. ಹಾಗೆ ಹೊರಗೆ ಬಂದ ತುದಿಯನ್ನು ಕತ್ತರಿಸಲು ಹೋಗಬೇಡಿ. ಬರೀ ಸೂಜಿಯನ್ನು ಪಕ್ಕದ ಹೊಲಿಗೆಗಳ ಕೆಳಗೆ ತೂರಿಸಿ, ಆಮೇಲೆ ಅದರ ಕಣ್ಣಿಗೆ ಆ ಗಿಡ್ಡ ತುದಿ ಪೋಣಿಸಿ, ಸೂಜಿ ಎಳೆದರೆ ತುದಿ ಒಳಗೆ ಹೋಗಿ ಕೂರುತ್ತದೆ. ಸೂಜಿ ಮೊದಲು, ದಾರ ಆಮೇಲೆ, ಯಾಕೆಂದರೆ ಗಿಡ್ಡ ದಾರ ಪೋಣಿಸಿಕೊಂಡು ಸೂಜಿ ಓಡಿಸುವುದಕ್ಕೆ ಜಾಗವೇ ಇರುವುದಿಲ್ಲ.

ಇಷ್ಟಾದ ಮೇಲೂ ತಿಳಿ ಹಳದಿ ನೆರಳು ಉಳಿಯುತ್ತದೆ, ಉಳಿಯಲೇಬೇಕು. ಅದನ್ನು ತೆಗೆಯುವವನು ಸೂರ್ಯ. ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಅರಿಷಿಣ ಹಚ್ಚಿದ ದಾರ ಕೊರಳಲ್ಲಿ ನಾಲ್ಕು ದಿನಕ್ಕೇ ಬಿಳಚಿಕೊಳ್ಳುವುದನ್ನು ನೋಡಿಲ್ಲವೆ. ಬ್ಯಾಡಗಿಯ ಕೆಂಪೂ ಬಿಸಿಲಿಗೆ ಸೋಲುತ್ತದೆ. ತೊಡಕು ಏನೆಂದರೆ ಸೆರಗಿನ ಕೆಂಪು, ಖಣದ ಹಸಿರು, ಕಸೂತಿಯ ದಾರ ಇವೂ ಬಿಸಿಲಿಗೆ ಸೋಲುತ್ತವೆ. ಆದ್ದರಿಂದ ಒಂದು ದಪ್ಪ ಕಪ್ಪು ಬಟ್ಟೆಯಲ್ಲಿ ಕಲೆಯಷ್ಟೇ ದೊಡ್ಡ ತೂತು ಕತ್ತರಿಸಿ, ಅದನ್ನು ಚೀಲಕ್ಕೆ ಬುರ್ಕಾ ಥರ ಹೊದಿಸಿ. ಕಲೆಯ ಜಾಗ ತುಸು ಒದ್ದೆ ಇರಲಿ. ಬೆಳಗಿನ ಬಿಸಿಲಲ್ಲಿ ಎರಡು ತಾಸು, ಮೂರ್‍ನಾಲ್ಕು ದಿನ. ಆತುರಪಟ್ಟು ಬ್ಲೀಚಿಂಗ್ ದ್ರಾವಣ ಹಚ್ಚಿದಿರೋ, ಹನಿಯೊಂದು ಸೆರಗಿನ ರೇಷ್ಮೆಗೆ ಸಿಡಿದರೆ ಅಲ್ಲಿ ಬಣ್ಣ ಮಾತ್ರ ಹೋಗುವುದಿಲ್ಲ, ಎಳೆಯೇ ಕರಗುತ್ತದೆ.

ಲಿಂಬಿಹಣ್ಣು ಹಿಂಡಿದರೆ ಕೆಂಪು ತಕ್ಷಣ ಹಳದಿಯಾಗುತ್ತದೆ, ನಿಜ. ಹುಳಿ ಕ್ಷಾರವನ್ನು ಕೊಲ್ಲುತ್ತದೆ. ನೀರಿಗೆ ಜಗ್ಗದೆ ಕೆಂಪು ಹಟ ಹಿಡಿದರೆ ಎರಡು ಹನಿ ಲಿಂಬಿರಸಕ್ಕೆ ಹತ್ತು ಹನಿ ನೀರು ಕೂಡಿಸಿ ಹತ್ತಿಯಿಂದ ಒತ್ತಿ, ಐದು ನಿಮಿಷಕ್ಕೆ ನೀರಿನಿಂದ ತೆಗೆದುಬಿಡಿ. ಆದರೆ ಲಿಂಬಿಗೆ ಕಪ್ಪು ಬಣ್ಣಗಳ ಮೇಲೆ ಹಗೆ. ನೈಸರ್ಗಿಕ ಬಣ್ಣದ ಬಟ್ಟೆಗಳಲ್ಲಿ ಕಪ್ಪನ್ನು ಬಹಳ ಕಡೆ ಕಬ್ಬಿಣದಿಂದ ಮಾಡಿರುತ್ತಾರೆ, ಹುಳಿ ಬಿದ್ದಲ್ಲಿ ಅದು ಕಿತ್ತು ಕಂದು ಚುಕ್ಕೆಯಾಗುತ್ತದೆ. ನಿಮ್ಮ ಕಸೂತಿಯಲ್ಲಿ ಕಪ್ಪು ದಾರ ಇದೆಯೋ ನೀವು ಬರೆದಿಲ್ಲ. ಇದ್ದರೆ ಲಿಂಬಿಯ ಮಾತು ಕೊನೆಗೆ.

ಒಣಗಿಸುವುದಕ್ಕೆ ಬಂದೆವು. ಒಗೆಯುವಾಗ ಕೆಟ್ಟ ಚೀಲಗಳಿಗಿಂತ ಒಣಗಿಸುವಾಗ ಕೆಟ್ಟ ಚೀಲಗಳೇ ನನ್ನ ಮೇಜಿಗೆ ಹೆಚ್ಚು ಬಂದಿವೆ. ಜನ ಮಾಡುವುದು ಏನು? ಹಿಡಿಕೆಯನ್ನು ತಂತಿಗೆ ಸಿಕ್ಕಿಸಿ ಬಿಡುತ್ತಾರೆ. ನೀರೆಲ್ಲ ತಳಕ್ಕಿಳಿದು ಬಕ್ರಮ್ಮಿನಲ್ಲಿ ನಿಲ್ಲುತ್ತದೆ, ಒದ್ದೆ ಭಾರಕ್ಕೆ ಹಿಡಿಕೆ ಜಗ್ಗಿ ಒಂದು ಉದ್ದ ಒಂದು ಗಿಡ್ಡ. ಮೇಲೆ ಕೈ ಹಚ್ಚಿದರೆ ಒಣಗಿದೆ, ಒಳಗೆ ತಳ ಎರಡು ದಿನ ಹಸಿ. ಮುಗ್ಗಲು ವಾಸನೆ ಹುಟ್ಟುವುದು ಅಲ್ಲಿ. ಒದ್ದೆಯಾದ ಚೀಲವನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ಹೀರಿಸಿ, ಹಿಂಡಬೇಡಿ. ಅಸ್ತರ ಹೊರಗೆಳೆದು, ಬಾಯಿ ಅಗಲ ಮಾಡಿ, ಬೋರಲು ಹಾಕಿದ ಕೊಡದ ಮೇಲೆ ಟೊಪ್ಪಿಗಿಯಂತೆ ಹೊದಿಸಿ ಫ್ಯಾನಿನ ಗಾಳಿಗೆ ಬಿಡಿ. ಒಳಗೆ ಪೇಪರ್ ತುರುಕುವವರು ಮೊದಲು ಪೇಪರಿಗೆ ಬಿಳಿ ಬಟ್ಟೆ ಸುತ್ತಿ, ಇಲ್ಲವಾದರೆ ನಿನ್ನೆಯ ಸುದ್ದಿ ಅಸ್ತರದ ಮೇಲೆ ಓದಬೇಕಾದೀತು. ಇಸ್ತ್ರಿ ಬೇಕಾದರೆ ಕಸೂತಿಯನ್ನು ಟವೆಲ್ಲಿನ ಮೇಲೆ ಕವುಚಿ ಹಾಕಿ ಹಿಂಭಾಗದಿಂದ. ಕಲೆ ಪೂರ್ತಿ ಹೋಗುವ ಮುನ್ನ ಮಾತ್ರ ಇಸ್ತ್ರಿ ಬೇಡವೇ ಬೇಡ, ಉಳಿದ ಎಣ್ಣೆಯನ್ನು ಅದು ಬೇಯಿಸಿ ಕೂರಿಸುತ್ತದೆ.

ಮುಗ್ಗಲಿನ ವಿಷಯ. ಹುಬ್ಬಳ್ಳಿಯಲ್ಲಿ ಎರಡು ದಿನ ಬಿಸಿಲು ಬಿದ್ದರೆ ಧಾರವಾಡದಲ್ಲಿ ಅರ್ಧ ದಿನ ಬೀಳುತ್ತದೆ, ಮಲೆನಾಡಿನ ಸೆರಗು ನೋಡಿ ನಮ್ಮೂರು. ಜೂನಿನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚೀಲಕ್ಕೆ ಬೂದು ಬಣ್ಣದ ಬೂಷ್ಟು ಬರುವುದು ಸಹಜ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಎಳೆಯೊಳಗೆ ಇಳಿಯುತ್ತದೆ. ಬಿಸಿಲು ಬಿದ್ದ ದಿನ ಹೊರಗೆ ಒಯ್ದು, ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ಷಿನಿಂದ ಜಾಡಿಸಿ. ಆಮೇಲೆ ಖಾದಿಗೆ, ಅಸ್ತರಕ್ಕೆ ಮಾತ್ರ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿ ಒತ್ತಬಹುದು. ಕಪ್ಪು ಚುಕ್ಕೆಗಳಾಗಿ ಕೂತ ಬೂಷ್ಟು ಹೋಗುವುದು ಕಷ್ಟ, ಅದರ ಮೇಲೊಂದು ಕಸೂತಿ ಎಲೆ ಹಾಕಿಸಿಕೊಳ್ಳಿ. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಧೋತರದಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಎಲೆ. ಡಾಂಬರ ಗುಳಿಗೆ ಇಡುವವರು ಬಟ್ಟೆಗೆ ನೇರ ತಾಗದಂತೆ ಗಂಟು ಕಟ್ಟಿಡಿ. ಗಂಜಿ ಹಾಕಿ ಇಡಬೇಡಿ, ಜಿರಳೆ-ನುಸಿಗಳಿಗೆ ಅದು ಊಟ.

ದಿನದ ಆರೈಕೆಗೆ ಹೇಳುವುದು ಬಹಳ ಇಲ್ಲ. ವಾರಕ್ಕೊಮ್ಮೆ ಚೀಲ ಖಾಲಿ ಮಾಡಿ, ಕಿಸೆ ಹೊರಗೆಳೆದು, ಮೂಲೆಯ ಹೊಲಿಗೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಚುರುಮುರಿ ಪುಡಿ, ಬಸ್ ಟಿಕೆಟ್, ಪಿನ್ನು ಎಲ್ಲ ಸಿಗುತ್ತವೆ. ಪಿನ್ನು ಅಂದೆ ನೋಡಿ, ತುಕ್ಕಿನ ಕಲೆ ಬರುವುದು ಹೀಗೇ ಮರೆತ ಪಿನ್ನಿನಿಂದ. ಕೆಸರು ಸಿಡಿದರೆ ಒಣಗಲು ಬಿಡಿ. ಹುಬ್ಬಳ್ಳಿಯ ಎರಿ ಮಣ್ಣು ನೀರು ಕುಡಿದು ಉಬ್ಬುವ ಜಾತಿ, ಹಸಿ ಇದ್ದಾಗ ಒರೆಸಿದರೆ ಬೆಣ್ಣೆಯಂತೆ ಬಳಿಯುತ್ತದೆ, ಒಣಗಿದರೆ ಚಕ್ಕೆ ಎದ್ದು ತಾನೇ ಉದುರುತ್ತದೆ. ಧಾರವಾಡದ ಕೆಂಪು ಮಣ್ಣು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಅದಕ್ಕೆ ಬ್ರಷ್ ಆದ ಮೇಲೆ ಶಾಂಪೂ ನೀರು.

ಹಿಡಿಕೆ ಎಲ್ಲಕ್ಕಿಂತ ಮೊದಲು ಹೊಲಸಾಗುತ್ತದೆ, ಕೈ ಬೆವರು, ತಲೆ ಎಣ್ಣೆ. ಖಣ ಬಹಳ ಒಗೆತ ತಡೆಯುವ ಬಟ್ಟೆಯಲ್ಲ, ಅದರ ಒಳಮೈಯಲ್ಲಿ ಬುಟ್ಟಾದ ಎಳೆಗಳು ಓಡಾಡಿರುತ್ತವೆ, ಬಳೆಗೆ, ಉಂಗುರಕ್ಕೆ ಸಿಕ್ಕಿ ಎದ್ದುಬಿಡುತ್ತವೆ. ಹಿಡಿಕೆಗೆ ಒಂದು ಹತ್ತಿಯ ಗವಸು ಹೊಲಿಸಿ, ಒತ್ತುಗುಂಡಿ ಹಾಕಿಸಿ. ಗವಸು ಒಗೆಯಿರಿ, ಹಿಡಿಕೆ ಬಿಡಿ. ಇದೇ ಬುದ್ಧಿ ಒಳಗೂ ನಡೆಯುತ್ತದೆ. ಅಸ್ತರವನ್ನು ಹೊಲಿದುಬಿಡದೆ ಬಾಯಿಯ ಸುತ್ತ ಆರು ಒತ್ತುಗುಂಡಿಯಲ್ಲಿ ನಿಲ್ಲುವ ಬೇರೆ ಒಳಚೀಲ ಮಾಡಿಸಿದರೆ ಎಣ್ಣೆಗಾಯಿ ಚೆಲ್ಲಿದ ದಿನ ಅದನ್ನಷ್ಟೇ ಕಳಚಿ ಮಷೀನಿಗೆ ಹಾಕಬಹುದು, ಕಲೆ ಖಾದಿಯ ತನಕ ಬರುವುದೇ ಇಲ್ಲ. ನಾನು ಈಗ ಡಬ್ಬಿ ಒಯ್ಯುವವರಿಗೆ ಬೇರೆ ಥರ ಚೀಲ ಹೊಲಿದೇ ಕೊಡುವುದಿಲ್ಲ.

ಬೇರೆಯವರೂ ಓದುತ್ತಾರೆಂದು ಎರಡು ಮಾತು. ಕೌದಿಯಿಂದ ಮಾಡಿದ ಚೀಲ ಇದ್ದವರು ಇಷ್ಟೆಲ್ಲ ಹೆದರಬೇಕಿಲ್ಲ. ಕೌದಿ ಅಂದರೆ ಹಳೆಯ ಸೀರೆ-ಧೋತರಗಳ ಪದರ, ನೂರು ಸಲ ನೀರು ಕಂಡು ಕುಗ್ಗುವುದನ್ನೆಲ್ಲ ಮೊದಲೇ ಕುಗ್ಗಿ ಮುಗಿಸಿರುತ್ತವೆ, ಬಣ್ಣ ಬಿಡುವುದನ್ನೂ. ಮಹಾನವಮಿಗೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೆ ಹೋಗಿ ಬಂಡೆಯ ಮೇಲೆ ಪೆಟ್ಟು ತಿಂದು ಬರುತ್ತಿದ್ದವಲ್ಲ. ಬಕ್ರಂ ಇಲ್ಲದ ಕೌದಿ ಚೀಲವನ್ನು ಧೈರ್ಯವಾಗಿ ಕೈಯಲ್ಲಿ ಒಗೆಯಿರಿ, ಆದರೆ ಪದರ ದಪ್ಪ, ಒಣಗಲು ಎರಡು ಬಿಸಿಲು ಬೇಕು. ಲಂಬಾಣಿ ಕಸೂತಿಯ ಚೀಲದ ಕತೆ ಇದಕ್ಕೆ ಪೂರಾ ತಿರುವುಮುರುವು. ಕನ್ನಡಿಯ ಹಿಂದಿನ ಲೇಪ ನೀರಿಗೆ ಏಳುತ್ತದೆ. ಕವಡೆಗೆ ಲಿಂಬಿರಸ ಬಿದ್ದರೆ ಬುರುಬುರು ನೊರೆ ಬಂದು ಅದರ ಹೊಳಪೇ ಹೋಗುತ್ತದೆ, ಕವಡೆಯೂ ಸುಣ್ಣದ್ದೇ ಜಾತಿ. ಡ್ರೈಕ್ಲೀನಿಗೆ ಕೊಡೋಣವೆಂದರೆ ಪ್ಲಾಸ್ಟಿಕ್ ಟಿಕಳಿಗಳು ಆ ದ್ರಾವಣದಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಅದಕ್ಕೆ ಮೃದು ಬ್ರಷ್ಷು, ಸಂದಿಗೆ ಹತ್ತಿ ಕಡ್ಡಿ, ಅಷ್ಟೇ.

ಕೊನೆಗೆ, ಅತ್ತೆಯವರಿಗೆ ಹೇಳಬೇಕೋ ಬೇಡವೋ. ಹೇಳಲೇಬೇಕು, ಅದೂ ಕೆಲಸ ಶುರು ಮಾಡುವ ಮೊದಲು. ಸೀರೆ ಕತ್ತರಿಸಿ ಚೀಲ ಹೊಲಿದವರು ಉಳಿದ ತುಂಡನ್ನು ಎಸೆದಿರುವುದಿಲ್ಲ, ಬೆಟಗೇರಿಯ ಮನೆಯಲ್ಲಿ ಯಾವುದೋ ಟ್ರಂಕಿನ ತಳದಲ್ಲಿ ಸೆರಗಿನ ಅಂಚು, ಖಾದಿಯ ಪಟ್ಟಿ, ಕಸೂತಿಯ ದಾರದ ಲಡಿ ಮಡಚಿ ಇಟ್ಟೇ ಇರುತ್ತಾರೆ. ಅವು ನನಗೆ ಬೇಕು, ಅಂದರೆ ನಿಮಗೆ ಬೇಕು. ಸೆರಗಿನ ತುಂಡಿನಿಂದ ಒಂದೆಳೆ ಎಳೆದು ಕಡ್ಡಿ ಗೀರಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕಾಗದ ಸುಟ್ಟಂತಾದರೆ ಆರ್ಟ್ ಸಿಲ್ಕು, ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್. ಖಾದಿಯ ಪಟ್ಟಿಯ ಮೇಲೆ ಅದೇ ಎಣ್ಣೆಗಾಯಿ ಒಂದು ಬೆರಳು ಹಚ್ಚಿ, ಸೋಪು ತಿಕ್ಕಿ, ಕೆಂಪು ಮಾಡಿ, ನಾನು ಹೇಳಿದ್ದನ್ನೆಲ್ಲ ಮೊದಲು ಅದರ ಮೇಲೆ ಮಾಡಿ ನೋಡಿ. ಕಸೂತಿ ದಾರದ ಲಡಿಯಿಂದ ಒಂದು ಗೇಣು ಕತ್ತರಿಸಿ ಲಿಂಬಿ ನೀರಲ್ಲಿ ಅದ್ದಿ. ಜೋಳದ ಹಿಟ್ಟು ಮಾತ್ರ ಇವತ್ತು ರಾತ್ರಿಯೇ ಹಾಕಿಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.